ಮುರಿದ ಕಾಲು, ಮುಚ್ಚಿಡದ ಮಾತು

ಕೋರ್ಟಿನ ಮೆಟ್ಟಿಲು ಎಷ್ಟು ಎತ್ತರವೆಂಬುದು ಕಾಲು ಮುರಿದವನಿಗೇ ಗೊತ್ತು. ಬೆಂಗಳೂರಿನ ಮಳೆಯಲ್ಲಿ, ಮೊಬೈಲಿನ ಮೂಲಕ ಕರೆಸಿದ್ದ ಟ್ಯಾಕ್ಸಿಯಲ್ಲಿ ಮನೆಗೆ ಮರಳುತ್ತಿದ್ದೆ. ಅತಿವೇಗದಲ್ಲಿದ್ದ ಗಾಡಿ ಜಾರಿ ರಸ್ತೆಯ ನಡುವಿನ ಕಟ್ಟೆಗೆ ಬಡಿಯಿತು. ನನ್ನ ಬಲಗಾಲು ಮುರಿಯಿತು.

ಮರುದಿನವೇ ಆಸ್ಪತ್ರೆಗೆ ಅಪರಿಚಿತರೊಬ್ಬರು ವಕಾಲತ್ತು ಹಿಡಿದು ಬಂದರು. “ಈಗ ಒಂದು ಕಾಸೂ ಬೇಡ ಸಾರ್, ಪರಿಹಾರ ಬಂದಾಗ ಮೂರರಲ್ಲೊಂದು ಪಾಲು ಸಾಕು” ಎಂದರು. ನಾನು ಲೇಖನಿ ಎತ್ತಿಯೇಬಿಟ್ಟಿದ್ದೆ. “ರೀ, ಓದದೆ ಸಹಿ ಹಾಕಬೇಡಿ” ಎಂದು ಮಡದಿ ತಡೆದಳು.

ನಮ್ಮ ಬೀದಿಯ ಹಿರಿಯ ವಕೀಲರು ಇದನ್ನು ಕೇಳಿ ನಕ್ಕರು. “ಪರಿಹಾರದಲ್ಲಿ ವಕೀಲ ಪಾಲು ಪಡೆಯುವುದನ್ನು ಬಾರ್ ಕೌನ್ಸಿಲಿನ ನಿಯಮವೇ ನಿಷೇಧಿಸಿದೆ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಬಿಲ್ಲುಗಳು, ಮೊಬೈಲಿನಲ್ಲಿರುವ ಪ್ರಯಾಣದ ರಸೀದಿ, ಇವನ್ನೆಲ್ಲ ಜೋಪಾನವಾಗಿಡಿ. 2022ರ ಏಪ್ರಿಲಿನಲ್ಲಿ ಜಾರಿಗೆ ಬಂದ ತಿದ್ದುಪಡಿ, ಅಪಘಾತ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ವಿಧಿಸಿದೆ. ತಡಮಾಡುವುದು ಬೇಡ.”

ನನ್ನನ್ನು ಕಾಡುತ್ತಿದ್ದುದು ಬೇರೆಯೇ. ಚಾಲಕ ಕೈಮುಗಿದು ಅತ್ತಿದ್ದ. ಅವನಿಗೆ ಇಬ್ಬರು ಮಕ್ಕಳು. “ಅವನ ಅನ್ನವನ್ನು ಕಸಿಯಲೆ?” ಎಂದೆ.

ವಕೀಲರು ಕಾಗದಗಳನ್ನು ನೋಡಿದರು. “ವಿಮೆ, ಲೈಸೆನ್ಸು ಎಲ್ಲವೂ ಚಾಲ್ತಿಯಲ್ಲಿವೆ. ನಿಮ್ಮ ಕಾಲಿನ ಬೆಲೆಯನ್ನು ತೆರಬೇಕಾದುದು ವಿಮಾ ಕಂಪನಿ, ಅವನಲ್ಲ. ಆದರೆ ಪೊಲೀಸರ ಮೊಕದ್ದಮೆ ಅವನ ಮೇಲೆ ನಡೆದೇ ತೀರುತ್ತದೆ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ.”

ಹಿತವಲ್ಲದ ಆ ಒಂದು ಮಾತನ್ನೂ ಅವರು ಮುಚ್ಚಿಡಲಿಲ್ಲ. ಅದಕ್ಕಾಗಿಯೇ ನಾನು ಅವರ ವಕಾಲತ್ತಿಗೆ ಸಹಿ ಹಾಕಿದೆ, ಈ ಸಲ ಓದಿ.