ಸ್ಟೇರಿಂಗ್ ಎಳೆದದ್ದಕ್ಕೆ ಮಗನಿಗೆ ಬೈದೆ

ಈ ಸಲ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ನಮ್ಮ ಅನಮೋಡ ಕಡೆ ಪಿಕಪ್ ಇಲ್ಲದಿದ್ರೆ ಕೆಲಸ ಸಾಗೂದಿಲ್ಲ. ರಾಮನಗರದಿಂದ ಗೊಬ್ಬರ ತರೂದು, ಭತ್ತದ ಚೀಲ ಒಯ್ಯೂದು, ಘಟ್ಟ ಇಳಿದು ಮೊಲೆಂ ಕಡೆ ಹೋಗೂದು ಎಲ್ಲ ಅದರಲ್ಲೇ. ನಮ್ಮದು ಹಳೇ ಫೋರ್ ವೀಲ್ ಗಾಡಿ. ಪವರ್ ಸ್ಟೇರಿಂಗ್ ಅದೆ, ಹಿಂದೆ ಪಾಟಾ ಸ್ಪ್ರಿಂಗ್.

ಹೋಳಿ ಮುಗಿದ ಮೇಲೆ ಎರಡು ತಕರಾರು ಒಟ್ಟಿಗೇ ಶುರುವಾದವು. ಒಂದು, ನಿಂತಲ್ಲಿ ತಿರುಗಿಸಿದರೆ ಸ್ಟೇರಿಂಗ್ ಬಹಳ ಗಟ್ಟಿ, ಬಾನೆಟ್ ಒಳಗೆ ಗುಂಯ್ ಅನ್ನೋ ಸದ್ದು. ಇನ್ನೊಂದು, ಗಾಡಿ ಬಲಕ್ಕೆ ಎಳೀತಿತ್ತು. ನೇರ ಹೋಗಬೇಕಂದ್ರೆ ಸ್ಟೇರಿಂಗ್ ಎಡಕ್ಕೆ ಸೊಟ್ಟ ಹಿಡೀಬೇಕು.

ಒಂದು ದಿನ ಮಗ ಘಟ್ಟದಿಂದ ಬಂದಾಗ ಬಲಗಡೆ ಕನ್ನಡಿ ಇರಲಿಲ್ಲ. ಎದುರಿನ ಲಾರಿಗೆ ತಾಗಿ ಹೋಗಿತ್ತು. "ಮೊಬೈಲ್ ನೋಡ್ತಾ ಓಡಿಸಿದ್ದಿ" ಅಂತ ನಾಲ್ಕು ಜನರ ಎದುರಿಗೇ ಬೈದೆ. "ಇಲ್ಲಪ್ಪಾ, ಗಾಡಿ ತಾನೇ ಬಲಕ್ಕೆ ಹೋಗ್ತದೆ" ಅಂದ. ನಾನು ಕೇಳಲಿಲ್ಲ. ಅವ ಕೀಲಿ ಮೊಳೆಗೆ ಹಾಕಿದವ ಮತ್ತೆ ಮುಟ್ಟಲಿಲ್ಲ. ಎಲ್ಲಿ ಹೋಗೂದಿದ್ರೂ ಬಸ್ಸಿಗೆ ಹೋದ.

ನಾನು ಗ್ಯಾರೇಜಿಗೆ ಒಯ್ದೆ. ಸ್ಟೇರಿಂಗ್ ಪಂಪ್ ಹೋಗಿದೆ ಅಂದ್ರು, ಹಾಕಿಸಿದೆ. ಅಲೈನ್‌ಮೆಂಟ್ ಸಹ ಆಯ್ತು. ಒಂಬತ್ತು ಸಾವಿರ ಹೋಯ್ತು. ಮೂರನೇ ದಿನಕ್ಕೆ ಅದೇ ಸದ್ದು, ಅದೇ ಎಳೆತ.

ಆಮೇಲೆ ನಾನೇ ನೋಡಿದೆ. ಸ್ಟೇರಿಂಗ್ ಆಯಿಲ್ ಡಬ್ಬಿ ಮುಚ್ಚಳ ತೆಗೆದರೆ ಆಯಿಲ್ ನೊರೆ ನೊರೆ. ಅಂದ್ರೆ ಎಲ್ಲೋ ಗಾಳಿ ಹೋಗ್ತದೆ. ಡಬ್ಬಿಯಿಂದ ಪಂಪಿಗೆ ಹೋಗೋ ಪೈಪಿನ ಕ್ಲಿಪ್ ಸಡಿಲ ಇತ್ತು. ಆ ಪೈಪಿನಲ್ಲಿ ಪಂಪ್ ಎಳೀತದೆ, ಒತ್ತೂದಿಲ್ಲ. ಅದಕ್ಕೇ ಆಯಿಲ್ ಹೊರಗೆ ಸೋರೂದಕ್ಕಿಂತ ಗಾಳಿ ಒಳಗೆ ಹೋಗೂದು ಹೆಚ್ಚು. ನೆಲದ ಮೇಲೆ ಹನಿ ಕಾಣಲಿಲ್ಲ ಅಂತ ಸುಮ್ಮನಾಗಬ್ಯಾಡ್ರಿ. ಕ್ಲಿಪ್ ಬದಲಿಸಿ, ಮುಂದಿನ ಗಾಲಿ ಎರಡೂ ಎತ್ತಿ, ಇಂಜಿನ್ ಬಂದ್ ಇಟ್ಟು, ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ಹದಿನೈದು ಇಪ್ಪತ್ತು ಸಲ ತಿರುಗಿಸಿದೆ. ಗುಳ್ಳೆ ಬರೂದು ನಿಂತ ಮೇಲೆ ಆಯಿಲ್ ಗೆರೆಗೆ ತುಂಬಿ ಇಂಜಿನ್ ಹಚ್ಚಿದೆ. ಸದ್ದೂ ಹೋಯ್ತು, ಗಟ್ಟಿಯೂ ಹೋಯ್ತು. ಬೆಲ್ಟ್ ಸಡಿಲ ಇದ್ದರೂ ಹೀಗೇ ಗಟ್ಟಿಯಾಗ್ತದೆ, ಅದನ್ನೂ ನೋಡ್ರಿ. ಪುಸ್ತಕದಲ್ಲಿ ಹೇಳಿದ ಆಯಿಲ್ ಬಿಟ್ಟು ಬೇರೆ ಹಾಕಬ್ಯಾಡ್ರಿ.

ಆದರೆ ಬಲಕ್ಕೆ ಎಳೆಯೂದು ಹೋಗಲಿಲ್ಲ. ಗಾಳಿ ನೋಡಿದೆ, ಎರಡೂ ಟಾಯರ್ ಸಮ. ಟೈ ರಾಡ್ ಅಲ್ಲಾಡಿಸಿದೆ, ಗಟ್ಟಿ ಇತ್ತು.

ಮೇ ತಿಂಗಳಲ್ಲಿ ಒಂದು ಮಳೆ ಬಿತ್ತು. ಗಾಡಿ ಅಂಗಳದಿಂದ ನೇರ ಹೊರಗೆ ತೆಗೆದು, ಇಳಿದು ತಿರುಗಿ ನೋಡ್ತೇನೆ, ಹಸಿ ಮಣ್ಣಲ್ಲಿ ಹಿಂದಿನ ಗಾಲಿಯ ಗೆರೆ ಮುಂದಿನ ಗಾಲಿಯ ಗೆರೆ ಮೇಲೆ ಬಿದ್ದಿಲ್ಲ. ಎರಡೂ ಕಡೆ ನಾಲ್ಕು ಬೆರಳು ಎಡಕ್ಕೆ ಸರಿದಿದೆ. ನೊಗ ಸೊಟ್ಟ ಕಟ್ಟಿದ ಎತ್ತಿನ ಹಾಗೆ ಗಾಡಿ ಓರೆಯಾಗಿ ನಡೀತಿತ್ತು.

ಟೇಪ್ ತಂದೆ. ಪಾಟಾದ ಮುಂದಿನ ಬೋಲ್ಟಿನಿಂದ ಹೌಸಿಂಗ್ ತನಕ ಎರಡೂ ಕಡೆ ಅಳೆದೆ. ಎಡಗಡೆ ಒಂದಿಂಚು ಹಿಂದೆ ಹೋಗಿತ್ತು. ಯೂ ಬೋಲ್ಟ್ ಸಡಿಲ, ಒಳಗೆ ಸೆಂಟರ್ ಬೋಲ್ಟ್ ತುಂಡು. ಪಾಟಾ ಬಿಗಿ ಹಿಡಿಯೂದು ಯೂ ಬೋಲ್ಟ್. ಸೆಂಟರ್ ಬೋಲ್ಟಿನ ಕೆಲಸ ಜಾಗ ತಪ್ಪದ ಹಾಗೆ ಇಡೂದು ಅಷ್ಟೇ. ಯೂ ಬೋಲ್ಟ್ ಸಡಿಲಾದ್ರೆ ಭಾರವೆಲ್ಲ ಅದರ ಮೇಲೆ ಬಂದು ಕತ್ತರಿಸ್ತದೆ.

ಸಡಿಲ ಮಾಡಿದವ ಯಾರು? ನಾನೇ. ಹೋದ ವರ್ಷ ಒಂದು ಪಾಟಾ ಬದಲಿಸಿದ್ದೆ, ಆಮೇಲೆ ಯೂ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಲಿಲ್ಲ. ಅದರ ಮೇಲೆ ಕೊಟ್ಟಿಗೆ ಗೋಡೆಗೆ ಅಂತ ಒಂದೇ ಟ್ರಿಪ್ಪಿಗೆ ಅರವತ್ತು ಚಿರೇಕಲ್ಲು ಹೇರಿದ್ದೆ. ಎರಡು ಸಲ ಹೇರು ಅಂತ ಮಗ ಹೇಳಿದ್ದ, ಡೀಸೆಲ್ ಉಳೀತದೆ ಅಂದಿದ್ದೆ.

ಹೊಸ ಸೆಂಟರ್ ಬೋಲ್ಟು, ನಾಲ್ಕು ಯೂ ಬೋಲ್ಟು ಹಾಕಿದೆವು. ಬರೇ ಜಾಕ್ ನಂಬಿ ಯಾರೂ ಕೆಳಗೆ ಹೋಗಬ್ಯಾಡ್ರಿ, ಚಾಸಿಸ್‌ಗೆ ದಪ್ಪ ಕಟ್ಟಿಗೆ ದಿಮ್ಮಿ ಕೊಡ್ರಿ. ಕೊನೆಯ ಬಿಗಿತ ಗಾಡಿ ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ, ನಟ್ಟುಗಳನ್ನ ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ರಿ. ನಾಲ್ಕೈದು ದಿನ ಓಡಿಸಿ ಮತ್ತೊಮ್ಮೆ ಬಿಗಿ ಮಾಡ್ರಿ. ನಾನು ತಪ್ಪಿದ್ದು ಅಲ್ಲೇ.

ಕೆಲಸ ಮುಗಿದ ದಿನ ತುಂಡಾದ ಬೋಲ್ಟ್ ಮಗನ ಕೈಗೆ ಕೊಟ್ಟೆ. "ನೀ ಹೇಳಿದ್ದೇ ಖರೆ, ತಪ್ಪು ನಂದು" ಅಂದೆ. ಅವ ಅದನ್ನ ತಿರುಗಿಸಿ ನೋಡಿದ, ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮೊಳೆ ಮೇಲೆ ಕೀಲಿ ಇರಲಿಲ್ಲ. ಅಂಗಳದಲ್ಲಿ ಗಾಲಿಯ ಗೆರೆ ನೋಡಿದೆ. ಒಂದರ ಮೇಲೊಂದು ಸರಿಯಾಗಿ ಬಿದ್ದಿದ್ದವು.

ಮಳೆಗಾಲ ಹತ್ತಿರ ಬಂತು. ಘಟ್ಟ ಇಳಿಯೋ ಮೊದಲು ನಿಮ್ಮ ಗಾಡಿಯ ಗೆರೆಯನ್ನೂ ಒಮ್ಮೆ ನೋಡ್ಕೊಳ್ರಿ. ಗಾಡಿ ಓಡಿಸೋ ಹುಡುಗರು ಏನಾದ್ರೂ ಹೇಳಿದ್ರೆ, ಬೈಯೋ ಮೊದಲು ಕೆಳಗೆ ಬಗ್ಗಿ ನೋಡ್ರಿ.