ಸ್ವಾಮಿಗಳಿಗೂ ಒಂದು ಸೋಮವಾರ

ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆ ಬಹುಪಾಲು ಕ್ರೈಸ್ತರೇ ಇರುವ ಹಳ್ಳಿ. ತಪಸ್ಸು ಕಾಲದಲ್ಲಿ ಕಪಾಲಬೆಟ್ಟ ಹತ್ತುವ ಭಕ್ತರನ್ನು ಬಹಳ ಜನ ನೋಡಿರುತ್ತೀರಿ. ಆ ಸೀಮೆಯ ಮಕ್ಕಳಿಗೆ ಪಾಠ ಹೇಳಿದವನು ನಾನು. ಮನೆಯ ಮಗನೊಬ್ಬ ಸೆಮಿನರಿಗೆ ಸೇರುವುದು ಅಲ್ಲಿ ಹೊಸ ಸಂಗತಿಯಲ್ಲ.

ಹಾಗೆ ಸೇರಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ದೂರದ ಚರ್ಚೊಂದರ ಗುರು. ದೀಕ್ಷೆಯಾದ ದಿನದಿಂದ ಹೆತ್ತ ತಾಯಿಯೂ ಅವನನ್ನು ಹೆಸರಿನಿಂದ ಕರೆಯುವುದಿಲ್ಲ, 'ಸ್ವಾಮಿ' ಎನ್ನುತ್ತಾರೆ. ನನ್ನದು ಮಾತ್ರ ಹಳೆಯ ಸಲಿಗೆ. ಹೋದ ವರ್ಷ ಊರಿಗೆ ಬಂದಾಗ ಅವನ ಮುಖ ಬಾಡಿತ್ತು. ಜೇಬಿನಲ್ಲಿ ಬಿ.ಪಿ. ಮಾತ್ರೆ. ಇನ್ನೂ ನಲವತ್ತು ದಾಟಿಲ್ಲ.

"ಏನಯ್ಯ, ನಿದ್ದೆ ಮಾಡ್ತೀಯೋ ಇಲ್ವೋ?"

"ಬೆಳಿಗ್ಗೆ ಪೂಜೆ, ಆಮೇಲೆ ಶಾಲೆ, ಸಂಜೆ ಯಾರದೋ ಮನೆ ಜಗಳ, ರಾತ್ರಿ ಆಸ್ಪತ್ರೆ. ಎರಡು ವರ್ಷದಿಂದ ಒಂದು ದಿನಾನೂ ರಜ ಇಲ್ಲ ಸಾರ್. ಬಾಗಿಲು ಹಾಕಿದ್ರೆ ಜನ ಏನಂತಾರೆ?"

ಜನ ಎಂದರೆ ಯಾರು? ತಂದೆತಾಯಿಗಳೇ. ಮಗ ಎಸ್ಸೆಸ್ಸೆಲ್ಸಿ ಫೇಲಾದರೆ, ಮಗಳ ಫೀಸಿಗೆ ದುಡ್ಡು ಸಾಲದಿದ್ದರೆ, ಗಂಡ ಕುಡಿದು ಬಂದರೆ ಚರ್ಚಿನ ಬಾಗಿಲಿಗೇ ಬರುತ್ತಾರೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಪಾಪನಿವೇದನೆಯಲ್ಲಿ ಕಿವಿಗೆ ಬಿದ್ದದ್ದನ್ನು ಆತ ಸಾಯುವವರೆಗೆ ಯಾರಿಗೂ ಹೇಳುವಂತಿಲ್ಲ. ಊರಿನವರ ಸಂಕಟವನ್ನೆಲ್ಲ ಒಳಗೆ ಇಟ್ಟುಕೊಂಡು, ರಾತ್ರಿ ಒಬ್ಬನೇ ಕೂತು ಆರಿದ ಅನ್ನ ಉಣ್ಣುವವನನ್ನು "ನಿಮಗೆ ಹೇಗಿದೆ?" ಎಂದು ಕೇಳುವವರು ಅಪರೂಪ.

ವಿಚಿತ್ರವೆಂದರೆ, ಅವನ ಧರ್ಮಸಭೆಯೇ ರಜ ಕೊಟ್ಟಿದೆ. ಕಥೋಲಿಕ ಧರ್ಮಸಭೆಯ 1983ರ ಕಾನೂನಿನ ಪ್ರಕಾರ, ಧರ್ಮಕೇಂದ್ರದ ಗುರು ವರ್ಷಕ್ಕೆ ಒಂದು ತಿಂಗಳವರೆಗೆ ರಜದ ಮೇಲೆ ಹೋಗಬಹುದು. ಧ್ಯಾನಕೂಟದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಬೈಬಲ್ಲಿನಲ್ಲಿ ಎಲೀಯ ಪ್ರವಾದಿ ಸೋತು, ಸಾವು ಬೇಡುತ್ತಾ ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಪ್ರವಾದಿ ಉಂಡು ಮತ್ತೆ ಮಲಗಿದ. ನನಗೆ ಬಹಳ ಹಿಡಿಸಿದ ಕತೆ ಇದು. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಗುರು ಜಾನ್ ವಿಯಾನಿ ಕೆಲವು ದಿನ 16 ಗಂಟೆ ಪಾಪನಿವೇದನೆ ಕೇಳುತ್ತಿದ್ದರಂತೆ. ದಣಿದು, ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಹೊರಟರು, ಜನ ಬಿಡಲಿಲ್ಲ. 1859ರಲ್ಲಿ ಅಲ್ಲಿಯೇ ತೀರಿಕೊಂಡರು. ಈಗ ಅವರು ಧರ್ಮಕೇಂದ್ರಗಳ ಗುರುಗಳ ಪಾಲಕ ಸಂತರು. ಅವರ ದುಡಿಮೆಯನ್ನು ಎಲ್ಲರೂ ಹೊಗಳುತ್ತಾರೆ, ಓಡಿಹೋಗಲು ನೋಡಿದ್ದನ್ನು ಯಾರೂ ಹೇಳುವುದಿಲ್ಲ.

ಇದನ್ನೆಲ್ಲ ನಾನು ಹೇಳಿದರೂ ಹುಡುಗ ಸುಮ್ಮನೆ ತಲೆಯಾಡಿಸಿದ. ಅವನಿಗೆ ನಾಟಿದ್ದು ಅಪ್ಪನ ಮಾತು. ಅವರು ರೇಷ್ಮೆ ಸಾಕಿ ಮಕ್ಕಳನ್ನು ಓದಿಸಿದವರು.

"ಹುಳ ನಾಲ್ಕು ಸಲ ಜ್ವರಕ್ಕೆ ಕೂರ್ತದೆ. ಆವಾಗ ಸೊಪ್ಪು ಹಾಕ್ತೀವಾ? ಮುಟ್ತೀವಾ? ಕೂತು ಎದ್ದ ಹುಳಾನೇ ಗೂಡು ಕಟ್ಟೋದು. ನೀವು ಕೂತೇ ಇಲ್ವಲ್ಲ ಸ್ವಾಮಿ."

ಹಿಂದಿರುಗಿದ ಮೇಲೆ ಸೋಮವಾರ ರಜವೆಂದು ಬೋರ್ಡಿನಲ್ಲಿ ಬರೆಸಿದ. ಸಾವು, ಗಂಡಾಂತರಕ್ಕೆ ಮಾತ್ರ ವಿನಾಯಿತಿ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ಕೆಲಸವನ್ನು ಇಬ್ಬರು ಡಿಗ್ರಿ ಹುಡುಗಿಯರು ವಹಿಸಿಕೊಂಡರು. ಅವರಿಗೂ ಪರೀಕ್ಷೆಯ ತಿಂಗಳು ಬಿಡುವು ಎಂದು ಅವನೇ ಗೊತ್ತು ಮಾಡಿದ. ಮೊದಮೊದಲು "ಸ್ವಾಮಿಗಳಿಗೆ ಸೋಮಾರಿತನ ಬಂತು" ಎಂದು ಕೆಲವರು ಗೊಣಗಿದರು. ಈಗಲೂ ಒಬ್ಬಿಬ್ಬರು ಗೊಣಗುತ್ತಾರಂತೆ.

ಆ ತಾಯಿ ಈಗ ಪ್ರತಿ ಸೋಮವಾರ ಮಧ್ಯಾಹ್ನ ಫೋನು ಮಾಡುತ್ತಾರೆ. ಗೌರವ ಒಂದಿಷ್ಟೂ ಕಡಿಮೆಯಾಗಿಲ್ಲ, ಮಗನೂ ಮರೆತುಹೋಗಿಲ್ಲ.

"ಸ್ವಾಮಿ, ಉಂಡ್ಯಾ?"