ಕ್ಯಾಪ್ಸ್ ಲಾಕ್ ಲೈಟು ಹತ್ತಲಿಲ್ಲ

1/8
ಈ ಸಲ ಸ್ವಲ್ಪ ಉದ್ದ ಇದೆ, ಎಂಟು ಪೋಸ್ಟ್. ಚಹಾ ಇಟ್ಕೊಂಡು ಕೂತ್ಕೊಳ್ಳಿ.

ಫೋಟೋದಲ್ಲಿರೋ ಲ್ಯಾಪ್‌ಟಾಪ್ ನಂದೇ. ಮೂಲೇಲಿ ಒಡೆದಿದೆ, ಎಸ್ ಅಕ್ಷರ ಸವೆದು ಹೋಗಿದೆ, ಚಾರ್ಜರ್ ವೈರಿಗೆ ಟೇಪು ಸುತ್ತಿದೆ. ಸೆಕೆಂಡ್ ಹ್ಯಾಂಡ್, 11 ಸಾವಿರ. ಅಮ್ಮ ಬ್ಲೌಸ್ ಹೊಲಿದು ಕಟ್ಟಿದ ಚೀಟಿ ದುಡ್ಡು ಅದು. ಆ ಚೀಟಿ ಎತ್ತಿದ ದಿನ ಅಮ್ಮ ತನಗೊಂದು ಹೊಸ ಹೊಲಿಗೆ ಮೆಷಿನ್ ತಗೋಬೇಕು ಅಂತಿದ್ದಳು. ತಗೊಳ್ಳಲಿಲ್ಲ. ನನಗೆ ಇದು ಬಂತು.

ಬಿಕಾಂ ಹುಡುಗಿಗೆ ಲಿನಕ್ಸ್ ಯಾಕೆ ಅಂತ ಕ್ಲಾಸಲ್ಲಿ ತುಂಬಾ ಜನ ಕೇಳಿದ್ರಿ. ಕಾರಣ ಸಿಂಪಲ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಹೊಸ ಪ್ರೊಸೆಸರ್ ಬೇಕು. ನನ್ನ ಹಳೇ ಮೆಷಿನ್ನಿಗೆ ಎರಡೂ ಇಲ್ಲ. ದೊಡ್ಡಮ್ಮನ ಮಗ, ನಾನು ಅಣ್ಣ ಅಂತೀನಿ, ಡಿಪ್ಲೊಮಾ ಓದಿದಾನೆ. ನವೆಂಬರ್ 2ಕ್ಕೆ ಮನೆಗೆ ಬಂದು ಪೆನ್‌ಡ್ರೈವಿಂದ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಒಂದು ರೂಪಾಯಿ ಖರ್ಚಿಲ್ಲ. ಲಿನಕ್ಸನ್ನ 1991ರಲ್ಲಿ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್‌ಗೆ ಆಗ 21 ವರ್ಷ, ಹೆಲ್ಸಿಂಕಿಯಲ್ಲಿ ಓದ್ತಿದ್ದ ಹುಡುಗ ಅಂತ ಅಣ್ಣ ಹೇಳಿದಾಗ ಖುಷಿ ಆಯ್ತು. ನಮಗಿಂತ ಒಂದೇ ವರ್ಷ ದೊಡ್ಡೋನು.

ಆ ಖುಷಿ ಡಿಸೆಂಬರ್ 10ರ ರಾತ್ರಿ ಮಣ್ಣು ಪಾಲಾಯ್ತು.

2/8
ನಾನು ಸಂಜೆ ಹೊತ್ತು ದಾವಣಗೆರೆಯ ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್ ಸರ್ ಹತ್ರ ಎಂಟ್ರಿ ಕೆಲಸ ಮಾಡ್ತೀನಿ, ಕೆಲವರಿಗೆ ಗೊತ್ತು. ಅಂಗಡಿಯವರ ಸೇಲ್ಸ್ ಬಿಲ್ ತಂದು ಶೀಟಿಗೆ ಏರಿಸೋದು. ತಿಂಗಳಿಗೆ 3 ಸಾವಿರ. ಜಿಎಸ್‌ಟಿಆರ್ 1 ತಿಂಗಳ ರಿಟರ್ನ್ ಹಾಕೋರಿಗೆ ಮುಂದಿನ ತಿಂಗಳು 11 ಕೊನೇ ದಿನ. ಅಂದ್ರೆ 10ನೇ ತಾರೀಖು ರಾತ್ರಿ ನಮಗೆ ನಿದ್ದೆ ಇಲ್ಲ.

ಮೂರು ಅಂಗಡಿ ಬಿಲ್ಲು ಮುಗಿಸಿ ಸೇವ್ ಒತ್ತಿದೆ. ಪರದೆ ನಿಂತು ಹೋಯ್ತು. ಮೌಸ್ ಅಲ್ಲಾಡಲ್ಲ. ಹಾಡು ಹಾಕಿದ್ದೆ, ಅದು ಒಂದೇ ಅಕ್ಷರದ ಮೇಲೆ ನಿಂತು ಗುಂಯ್ ಅಂತಿತ್ತು. ಹತ್ತು ನಿಮಿಷ ಕಾದೆ. ಆಮೇಲೆ ಸಿಟ್ಟಲ್ಲಿ ಪವರ್ ಬಟನ್ ಒತ್ತಿ ಹಿಡಿದೆ. ಮತ್ತೆ ಆನ್ ಮಾಡಿದ್ರೆ ಆ ಫೈಲ್ ತೆರೆಯಲೇ ಇಲ್ಲ. ಕರಪ್ಟ್.

ರಾತ್ರಿ ಒಂದೂವರೆ. ಅಮ್ಮ ಎದ್ದು ಬಂದು, "ಯಾಕವ್ವಾ, ಇನ್ನೂ ಮಲಗಿಲ್ಲೇನು?" ಅಂದಳು. ಏನಿಲ್ಲಮ್ಮ ಅಂದೆ. ಅವಳಿಗೆ ಏನಂತ ಹೇಳಲಿ?

ಆಗ ಒಂದು ಕೆಟ್ಟ ಕೆಲಸ ಮಾಡಿದೆ. ಫ್ಯಾಮಿಲಿ ಗ್ರೂಪಿಗೆ ಹೋಗಿ, "ಅಣ್ಣ ಅದೇನೋ ಲಿನಕ್ಸ್ ಹಾಕಿ ನನ್ನ ಲ್ಯಾಪ್‌ಟಾಪ್ ಹಾಳು ಮಾಡಿದ, ಅಮ್ಮನ ಚೀಟಿ ದುಡ್ಡು ನೀರಿಗೆ ಹೋಯ್ತು" ಅಂತ ಬರೆದೆ. ಎರಡು ಬ್ಲೂ ಟಿಕ್. ಅಣ್ಣ ಏನೂ ಬರೀಲಿಲ್ಲ.

ಬೆಳಿಗ್ಗೆ ಸರ್ ಆಫೀಸಿಗೆ ಬೇಗ ಹೋಗಿ, ಅವರ ಕಂಪ್ಯೂಟರಲ್ಲೇ ಎಲ್ಲ ಮತ್ತೆ ಏರಿಸಿದೆ. ರಿಟರ್ನ್ ಹೋಯ್ತು. ಸರ್ ಬೈಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ಕಷ್ಟ ಆಗುತ್ತಮ್ಮ" ಅಂದ್ರು, ಅಷ್ಟೇ. ಬೈದಿದ್ರೇ ವಾಸಿ ಇತ್ತು.

3/8
ಮಧ್ಯಾಹ್ನ ಅಣ್ಣನ ಮೆಸೇಜ್ ಬಂತು, ಗ್ರೂಪಿಗಲ್ಲ, ನನಗೆ. ಒಂದೇ ಸಾಲು: "ಹ್ಯಾಂಗ್ ಆದಾಗ ಕ್ಯಾಪ್ಸ್ ಲಾಕ್ ಲೈಟ್ ಹತ್ತಿತ್ತಾ?"

ನನಗೆ ಸಿಟ್ಟು ಬಂತು. ಲೈಟ್ ನೋಡ್ಕೊಂಡು ಏನು ಮಾಡ್ಲಿ? ಆದ್ರೆ ಅದೇ ಸರಿಯಾದ ಮೊದಲ ಪ್ರಶ್ನೆ. ನಿಮಗೂ ಹೇಳ್ತೀನಿ, ಸೇವ್ ಮಾಡ್ಕೊಳ್ಳಿ.

ಹ್ಯಾಂಗ್ ಅಂತ ನಾವು ಅನ್ನೋದು ಒಂದೇ ರೋಗ ಅಲ್ಲ. ಕ್ಯಾಪ್ಸ್ ಲಾಕ್ ಒತ್ತಿದಾಗ ಲೈಟು ಹತ್ತಿ ಆರಿದ್ರೆ ಒಳಗಿನ ಕರ್ನಲ್ ಇನ್ನೂ ಬದುಕಿದೆ, ಮೇಲಿನ ಪರದೆ ಮಾತ್ರ ಸಿಕ್ಕಿಕೊಂಡಿದೆ ಅಂತ ಸಾಮಾನ್ಯವಾಗಿ ಅರ್ಥ. ಆಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳಿದ್ರೆ ಅಲ್ಲಿಂದ ತೊಂದರೆ ಕೊಡೋ ಪ್ರೋಗ್ರಾಂ ಮುಚ್ಚಬಹುದು. ಮಿಂಟಲ್ಲಿ ಎಫ್7ಕ್ಕೆ ವಾಪಸ್ ಬಂದ್ರೆ ನಿಮ್ಮ ಪರದೆ ಸಿಗುತ್ತೆ.

ಮೌಸ್ ಎಳೆದು ಎಳೆದು ಓಡ್ತಾ, ಹಾರ್ಡ್ ಡಿಸ್ಕ್ ಲೈಟು ಬಿಡದೆ ಉರೀತಿದ್ರೆ ಅದು ಬೇರೆ. ರ‍್ಯಾಮ್ ತುಂಬಿ ಹೋಗಿ, ಉಳಿದದ್ದನ್ನ ಡಿಸ್ಕಿನ ಸ್ವಾಪ್‌ಗೆ ಹಾಕ್ತಾ ತೆಗೀತಾ ಒದ್ದಾಡ್ತಿದೆ. ಸ್ವಲ್ಪ ಹೊತ್ತಾದ್ಮೇಲೆ ಬರಬಹುದು.

ಲೈಟೂ ಇಲ್ಲ, ಎಫ್3ನೂ ಇಲ್ಲ, ಹಾಡು ಗುಂಯ್ ಅಂತಿದೆ ಅಂದ್ರೆ ಪೂರ್ತಿ ನಿಂತಿದೆ. ನಂದು ಇದು. ಲೈಟು ಹತ್ತಲಿಲ್ಲ.

4/8
ಇನ್ನೊಂದು ಮಾತು. ಪವರ್ ಬಟನ್ ಕೊನೇ ಉಪಾಯ. ಅದಕ್ಕೆ ಮುಂಚೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು, ನಿಧಾನಕ್ಕೆ ಒಂದೊಂದಾಗಿ ಎಸ್, ಯು, ಬಿ ಒತ್ತಿ. ಕೆಲವು ಲ್ಯಾಪ್‌ಟಾಪಲ್ಲಿ ಜೊತೆಗೆ ಎಫ್‌ಎನ್ ಕೀನೂ ಹಿಡೀಬೇಕು. ಎಸ್ ಅಂದ್ರೆ ಬರೆಯೋದು ಬಾಕಿ ಇದ್ದದ್ದನ್ನ ಡಿಸ್ಕಿಗೆ ಬರಿ, ಯು ಅಂದ್ರೆ ಇನ್ನು ಡಿಸ್ಕಿಗೆ ಏನೂ ಬರೀಬೇಡ, ಬಿ ಅಂದ್ರೆ ರೀಬೂಟ್. ಕರ್ನಲ್‌ಗೆ ಸ್ವಲ್ಪ ಜೀವ ಇದ್ರೂ ಕೇಳುತ್ತೆ. ಪೂರ್ತಿ ನಿಂತಿದ್ರೆ ಇದೂ ಕೆಲಸ ಮಾಡಲ್ಲ. ನನಗೆ ಕೆಲಸ ಮಾಡ್ತಿತ್ತೋ ಇಲ್ವೋ, ಪ್ರಯತ್ನನೂ ಮಾಡದೆ ಬಟನ್ ಒತ್ತಿಬಿಟ್ಟಿದ್ದೆ.

ಅಣ್ಣ ಎರಡನೇದಾಗಿ ಕೇಳಿದ್ದು: "ಜರ್ನಲ್ ನೋಡಿದ್ಯಾ?"

ನಗು ಬಂತು. ಜರ್ನಲ್, ಲೆಡ್ಜರ್ ಬಿಟ್ರೆ ನಮಗೆ ಇನ್ನೇನು ಗೊತ್ತು! ಲಿನಕ್ಸೂ ಒಂದು ಜರ್ನಲ್ ಬರೆಯುತ್ತೆ, ಏನೇನಾಯ್ತು ಅಂತ ಗಂಟೆ ನಿಮಿಷ ಹಾಕಿ. ಜರ್ನಲ್‌ಸಿಟಿಎಲ್ ಅನ್ನೋ ಕಮಾಂಡಿಗೆ ಮೈನಸ್ ಬಿ, ಮೈನಸ್ ಒಂದು ಸೇರಿಸಿದ್ರೆ ಹೋದ ಸಲ ಆನ್ ಆಗಿದ್ದಾಗಿನ ದಾಖಲೆ ಸಿಗುತ್ತೆ. ಕಮಾಂಡುಗಳ ಸರಿಯಾದ ಸ್ಪೆಲ್ಲಿಂಗ್ ಎರಡನೇ ಫೋಟೋದಲ್ಲಿದೆ, ಸ್ವೈಪ್ ಮಾಡಿ. ಕೊನೇ ಸಾಲುಗಳನ್ನ ನೋಡ್ಬೇಕು. ಔಟ್ ಆಫ್ ಮೆಮೊರಿ ಅಂತಿದ್ರೆ ರ‍್ಯಾಮ್ ಸಾಲದಾಗಿದೆ. ಐ/ಓ ಎರರ್ ಅಂತಿದ್ರೆ ಡಿಸ್ಕ್ ಕಡೆ ಅನುಮಾನ. ಗ್ರಾಫಿಕ್ಸ್ ಹೆಸರು ಬರ್ತಿದ್ರೆ ಡ್ರೈವರ್ ಕಡೆ.

ನಂದರಲ್ಲಿ ಏನೂ ಇರಲಿಲ್ಲ. 12.51ಕ್ಕೆ ಯಾವುದೋ ಮಾಮೂಲಿ ಸಾಲು, ಆಮೇಲೆ ಖಾಲಿ. ಬರೆಯೋನೇ ಬಿದ್ದು ಹೋದ್ರೆ ಎಂಟ್ರಿ ಯಾರು ಹಾಕ್ತಾರೆ? ಅಣ್ಣ ಹೇಳಿದ: "ಖಾಲಿ ಇರೋದೂ ಒಂದು ಸುಳಿವೇ. ಹಾರ್ಡ್‌ವೇರ್ ಕಡೆ ನೋಡು."

ನಾನು ನಂಬಲಿಲ್ಲ. ತನ್ನ ತಪ್ಪು ಮುಚ್ಕೊಳ್ಳೋಕೆ ಹೇಳ್ತಿದಾನೆ ಅನ್ಕೊಂಡೆ.

5/8
ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ನಾವೇನು ಮಾಡ್ತೀವಿ? ವ್ಯತ್ಯಾಸನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ಯಾರ ಮೇಲೂ ತಕ್ಷಣ ಹಾಕಲ್ಲ. ಆಮೇಲೆ ಒಂದೊಂದೇ ಚೆಕ್: ವ್ಯತ್ಯಾಸದ ಅರ್ಧದ ಮೊತ್ತ ಎಲ್ಲಾದ್ರೂ ತಪ್ಪು ಕಡೆ ಕೂತಿದ್ಯಾ, 9ರಿಂದ ಭಾಗ ಆದ್ರೆ ಅಂಕಿ ಹಿಂದುಮುಂದಾಗಿದ್ಯಾ, ಹೀಗೆ. ಪರೀಕ್ಷೆಲಿ ಇದಕ್ಕೆ ಒಳ್ಳೇ ಮಾರ್ಕ್ಸ್ ತಗೊಂಡಿದೀನಿ. ಮನೇಲಿ ಮಾತ್ರ ವ್ಯತ್ಯಾಸನ ನೇರ ಅಣ್ಣನ ಖಾತೆಗೆ ಹಾಕಿದ್ದೆ.

ಒಂದು ಹಳೇ ನೋಟ್‌ಬುಕ್ ತಗೊಂಡೆ. ಗೆರೆ ಹಾಕಿ ಕಾಲಂ ಮಾಡಿದೆ: ತಾರೀಖು, ಟೈಮು, ಏನು ತೆರೆದಿತ್ತು, ಕ್ಯಾಪ್ಸ್ ಲೈಟು, ಬಿಸಿ, ಮೆಮೊರಿ ಎಷ್ಟು. ಮೂರನೇ ಫೋಟೋ ಅದೇ. ಒಂಬತ್ತು ದಿನದಲ್ಲಿ ಏಳು ಸಲ ಹ್ಯಾಂಗ್.

ಬಿಸಿ ಇರಬಹುದು ಅಂತ ಸೆನ್ಸರ್ಸ್ ಕಮಾಂಡ್ ಹಾಕಿ ನೋಡ್ತಾ ಇದ್ದೆ, 60 ಡಿಗ್ರಿ ಆಸುಪಾಸು. ಅದಲ್ಲ. ಡಿಸ್ಕ್ ಇರಬಹುದು ಅಂತ ಡಿಸ್ಕ್ಸ್ ಆ್ಯಪಲ್ಲಿ ಸ್ಮಾರ್ಟ್ ಡೇಟಾ ನೋಡಿದೆ, ಕೆಟ್ಟ ಸೆಕ್ಟರ್ ಸೊನ್ನೆ. ಅದೂ ಅಲ್ಲ. ಬ್ರೌಸರ್ರಾ? ಒಂದ್ಸಲ ಬ್ರೌಸರ್ ಇತ್ತು, ಒಂದ್ಸಲ ಬರೀ ಶೀಟು, ಒಂದ್ಸಲ ವಿಡಿಯೋ. ಹಳೇ ಕರ್ನಲ್ ಆರಿಸಿ ಬೂಟ್ ಮಾಡಿದೆ, ಅದರಲ್ಲೂ ನಿಂತಿತು.

ಒಂದು ಕಾಲಂ ಮಾತ್ರ ಮಾತಾಡ್ತಿತ್ತು. ಏಳೂ ಸಲ ಮೆಮೊರಿ ಅರ್ಧಕ್ಕಿಂತ ಜಾಸ್ತಿ ತುಂಬಿತ್ತು.

6/8
ಇಲ್ಲಿ ನಾನು ನಿಮಗೆ ಹೇಳದೇ ಇರೋ ವಿಷಯ ಒಂದಿದೆ. ಅಣ್ಣನಿಗೂ ಹೇಳಿರಲಿಲ್ಲ.

ಈ ಲ್ಯಾಪ್‌ಟಾಪ್ ಬಂದಾಗ 4 ಜಿಬಿ ರ‍್ಯಾಮ್. ಟ್ಯಾಬ್ ಜಾಸ್ತಿ ಆದ್ರೆ ನಿಧಾನ ಆಗೋದು, ನಿಲ್ತಿರಲಿಲ್ಲ. ಅದಕ್ಕೆ ನಾನೇ ಹಳೇ ಪಾರ್ಟ್ಸ್ ಮಾರೋರ ಹತ್ರ 450 ರೂಪಾಯಿಗೆ ಇನ್ನೊಂದು 4 ಜಿಬಿ ತಗೊಂಡು, ವಿಡಿಯೋ ನೋಡಿ ನಾನೇ ಹಾಕಿದ್ದೆ. 8 ಜಿಬಿ ಅಂತ ತೋರಿಸ್ತು. ಎಷ್ಟು ಹೆಮ್ಮೆ ಆಗಿತ್ತು ಅಂದ್ರೆ, ಸ್ಟೋರೀಲೂ ಹಾಕಿದ್ದೆ, ನೋಡಿರಬಹುದು.

ಯುಪಿಐ ಹಿಸ್ಟರಿ ತೆಗೆದೆ. ದುಡ್ಡು ಕೊಟ್ಟಿದ್ದು ನವೆಂಬರ್ 18. ಅಣ್ಣನಿಗೆ "ಹ್ಯಾಂಗ್ ಆಯ್ತು ಅಣ್ಣಾ" ಅಂತ ಮೊದಲ ಮೆಸೇಜ್ ಹಾಕಿದ್ದು ನವೆಂಬರ್ 21. ಲಿನಕ್ಸ್ ಹಾಕಿದ್ದು 2ನೇ ತಾರೀಖು. ನಡುವೆ 19 ದಿನ ಒಂದು ಸಲನೂ ನಿಂತಿರಲಿಲ್ಲ. ಎಲ್ಲ ನನ್ನ ಫೋನಲ್ಲೇ ಇತ್ತು. ತಾರೀಖು ಹಾಕಿ ಜೋಡಿಸಿರಲಿಲ್ಲ, ಅಷ್ಟೇ.

ಆ ರಾತ್ರಿ ಮೆಮ್‌ಟೆಸ್ಟ್86 ಪ್ಲಸ್ ಅನ್ನೋದನ್ನ ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿದೆ. ಇದು ರ‍್ಯಾಮಿನ ಪ್ರತಿ ಜಾಗಕ್ಕೂ ಏನೋ ಬರೆದು, ವಾಪಸ್ ಓದಿ, ಬರೆದದ್ದೇ ಬಂತಾ ಅಂತ ನೋಡುತ್ತೆ. ಗಂಟೆಗಟ್ಟಲೆ ಹಿಡಿಯುತ್ತೆ. ಒಂದೇ ಒಂದು ಎರರ್ ಬಂದ್ರೂ ಪಾಸ್ ಅಲ್ಲ. ನನಗೆ 40 ನಿಮಿಷಕ್ಕೆ ಕೆಂಪು ಸಾಲು ಬರೋಕೆ ಶುರುವಾಯ್ತು.

ಎರಡರಲ್ಲಿ ಯಾವುದು? ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಕಬ್ಬಿಣದ ಕಿಟಕಿ ಮುಟ್ಟಿ ಮೈಮೇಲಿನ ಸ್ಟಾಟಿಕ್ ಕಳ್ಕೊಂಡು, ಒಂದೊಂದೇ ಹಾಕಿ ನೋಡಿದೆ. ಹಳೇದು ಒಂದೇ ಇದ್ದಾಗ ಪಾಸ್. ನಾನು ತಂದದ್ದು ಒಂದೇ ಇದ್ದಾಗ ಫೇಲ್. ಸ್ಲಾಟ್ ಬದಲಾಯಿಸಿದೆ, ಆಗಲೂ ಅದೇ ಫೇಲ್. ಸ್ಲಾಟಿನ ತಪ್ಪಲ್ಲ, ಲಿನಕ್ಸಿನ ತಪ್ಪಲ್ಲ, ಅಣ್ಣನ ತಪ್ಪಲ್ಲ. ನನ್ನ 450 ರೂಪಾಯಿ.

7/8
ಆಗ ಭಯ ಬಂತು, ಹ್ಯಾಂಗ್‌ಗಿಂತ ದೊಡ್ಡದು. ಕೆಟ್ಟ ರ‍್ಯಾಮ್ ಯಾವಾಗ್ಲೂ ನಿಲ್ಲಿಸೋದೇ ಅಂತಿಲ್ಲ. ಕೆಲವು ಸಲ ಸದ್ದಿಲ್ಲದೆ ಒಂದು ಬಿಟ್ ಬದಲಾಗುತ್ತೆ, ಅಂದ್ರೆ ಒಂದು ಅಂಕಿ ಬೇರೆ ಆಗಬಹುದು. ಆ ಫೈಲ್ ಹಾಳಾಗಿದ್ದು ಬಟನ್ ಒತ್ತಿದ್ದಕ್ಕೋ ರ‍್ಯಾಮಿಗೋ, ಇವತ್ತಿಗೂ ಹೇಳೋಕಾಗಲ್ಲ. ಆದ್ರೆ ನವೆಂಬರ್ 18ರಿಂದ ನಾನು ಈ ಮೆಷಿನ್ನಲ್ಲಿ ಏರಿಸಿದ ಬೇರೆ ಅಂಗಡಿಗಳ ಶೀಟು ಇದ್ವಲ್ಲ? ಯಾರದೋ ಬಿಲ್ಲಲ್ಲಿ ನನ್ನಿಂದ ತಪ್ಪು ಅಂಕಿ ಕೂತಿದ್ರೆ?

ಸರ್‌ಗೆ ಹೋಗಿ ಎಲ್ಲ ಹೇಳಿದೆ. ಕೆಲಸ ಹೋಯ್ತು ಅಂತಾನೇ ಅನ್ಕೊಂಡಿದ್ದೆ. ಅವರು ಬಿಲ್ಲಿನ ಕಟ್ಟುಗಳನ್ನ ಮೇಜಿನ ಮೇಲಿಟ್ಟು, "ಕೂತ್ಕೋ, ಟ್ಯಾಲಿ ಮಾಡೋಣ" ಅಂದ್ರು. ಎರಡು ಸಂಜೆ. ಪ್ರತಿ ಬಿಲ್ಲು ಅವರು ಓದೋದು, ನಾನು ಟಿಕ್ ಹಾಕೋದು. ಎರಡು ತಪ್ಪು ಸಿಕ್ತು. ಎರಡೂ ನನ್ನ ಟೈಪಿಂಗ್ ತಪ್ಪು, 63 ಇರೋ ಕಡೆ 36. ವ್ಯತ್ಯಾಸ 27, ಒಂಬತ್ತರಿಂದ ಭಾಗ ಆಗುತ್ತೆ. ಸರ್ ನಕ್ಕರು, ನಾನೂ ನಕ್ಕೆ. ಕೆಲಸ ಉಳೀತು.

ಈಗ 4 ಜಿಬಿಲೇ ಓಡಿಸ್ತಿದೀನಿ. ಝಡ್‌ರಾಮ್ ಹಾಕಿದೀನಿ, ರ‍್ಯಾಮಲ್ಲೇ ಡೇಟಾನ ಒತ್ತಿ ಚಿಕ್ಕದು ಮಾಡಿ ಇಡುತ್ತೆ. ಅರ್ಲಿಊಮ್ ಹಾಕಿದೀನಿ, ಮೆಮೊರಿ ಪೂರ್ತಿ ಮುಗಿಯೋಕೆ ಮುಂಚೆನೇ ಜಾಸ್ತಿ ತಿನ್ನೋ ಪ್ರೋಗ್ರಾಂ ಒಂದನ್ನ ಮುಚ್ಚಿಬಿಡುತ್ತೆ. ಟ್ಯಾಬ್ ಆರಕ್ಕಿಂತ ಜಾಸ್ತಿ ಇಲ್ಲ. ದಿನಾ ಕೆಲಸ ಮುಗಿದ್ಮೇಲೆ ಪೆನ್‌ಡ್ರೈವಿಗೆ ಒಂದು ಕಾಪಿ. ಹ್ಯಾಂಗ್ ಆಗಿಲ್ಲ, ಒಂದು ಸಲನೂ.

8/8
ಇನ್ನು ಅಣ್ಣ.

ಫೋನ್ ಮಾಡಿದೆ. ದೊಡ್ಡಮ್ಮ ಎತ್ತಿದಳು. ನಾನು ಗಡಿಬಿಡೀಲಿ ಅವಳಿಗೇ ಎಲ್ಲ ಹೇಳಿ, "ಅಣ್ಣಂಗೆ ಸಾರಿ ಹೇಳು ದೊಡ್ಡಮ್ಮ" ಅಂದೆ. ಅವಳು ಸುಮ್ಮನೆ ಕೇಳಿಸ್ಕೊಂಡಳು. ಆಮೇಲೆ, "ಗ್ರೂಪ್‌ನಾಗೆ ಬೈದೀಯಲ್ಲ, ಗ್ರೂಪ್‌ನಾಗೇ ಹೇಳು" ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಅದಕ್ಕೇ ಜಾಸ್ತಿ ನಾಟಿತು.

ಹಳೇ ಮೆಸೇಜ್ ಡಿಲೀಟ್ ಮಾಡೋಣ ಅಂತ ಹೋದೆ. ಟೈಮ್ ಮೀರಿತ್ತು, ಡಿಲೀಟ್ ಫಾರ್ ಎವ್ರಿಒನ್ ಬರಲಿಲ್ಲ. ಒಳ್ಳೇದೇ ಆಯ್ತು. ಪುಸ್ತಕದಲ್ಲಿ ತಪ್ಪಾದ್ರೆ ಅಳಿಸಬಾರದು, ರೆಕ್ಟಿಫಿಕೇಷನ್ ಎಂಟ್ರಿ ಹಾಕ್ಬೇಕು ಅಂತ ಫಸ್ಟ್ ಸೆಮ್ಮಲ್ಲೇ ಓದಿದೀವಿ. ಅದರ ಕೆಳಗೇ ಬರೆದೆ: "ಲ್ಯಾಪ್‌ಟಾಪ್ ಹಾಳಾಗಿದ್ದು ನಾನು ಹಾಕಿದ ರ‍್ಯಾಮಿಂದ. ಅಣ್ಣ ಹಾಕಿದ್ದು ಸರಿಯಾಗೇ ಇತ್ತು. ಅವನೇ ದಾರಿ ತೋರಿಸಿದ್ದು. ತಪ್ಪಾಯ್ತು ಅಣ್ಣಾ." ಅಮ್ಮ, ದೊಡ್ಡಪ್ಪ, ಮಾವ, ಎಲ್ರೂ ನೋಡಿದ್ರು. ಅಮ್ಮ ಅಡುಗೆಮನೆಯಿಂದ ಬಂದು ನನ್ನ ತಲೆ ಮೇಲೆ ಒಂದು ಕೈಯಿಟ್ಟು ಹೋದಳು, ಏನೂ ಹೇಳಲಿಲ್ಲ.

ಅಣ್ಣ ಹತ್ತು ನಿಮಿಷಕ್ಕೆ ಬರೆದ: "ಎಸ್, ಯು, ಬಿ ನೆನಪಿಟ್ಕೋ. ಆ ರ‍್ಯಾಮ್ ಬಿಸಾಕಬೇಡ, ಕೀಚೈನ್ ಮಾಡ್ಕೊಡ್ತೀನಿ."

ಕೊನೇ ಫೋಟೋ ಆ ಕೀಚೈನ್.

ನಿಮ್ಮ ಲ್ಯಾಪ್‌ಟಾಪ್ ನಿಂತಾಗ ಮೊದಲು ಕ್ಯಾಪ್ಸ್ ಲಾಕ್ ಒತ್ತಿ. ಆಮೇಲೆ ಒಂದು ಪೇಪರ್ ತಗೊಂಡು ತಾರೀಖು ಬರೀರಿ, ನಿಲ್ಲೋಕೆ ಶುರುವಾಗೋ ಮುಂಚೆ ನೀವೇ ಏನು ಬದಲಾಯಿಸಿದ್ರಿ ಅಂತನೂ. ಗ್ರೂಪ್ ತೆರೆಯೋದು ಅದಾದ್ಮೇಲೆ. ಡೌಟ್ ಇದ್ರೆ ಕಾಮೆಂಟಲ್ಲಿ ಕೇಳಿ, ನನಗೆ ಗೊತ್ತಿಲ್ಲ ಅಂದ್ರೆ ಅಣ್ಣನ್ನ ಕೇಳಿ ಹೇಳ್ತೀನಿ. ಈಗ ಕೇಳಬಹುದು.

#ಬಿಕಾಂಡೈರಿ #ಲಿನಕ್ಸ್‌ಕನ್ನಡ #ದಾವಣಗೆರೆ